ತುಂಡು ಗೆರೆಯ ಪೆಟ್ಟಿಗೆ: ಲ್ಯಾಪ್‌ಟಾಪ್ ಆರ್ಕೆಸ್ಟ್ರಾಗೆ ಸಾಫ್ಟ್‌ವೇರ್ ಕಟ್ಟುವ ಕೆಲಸ

ಪ್ಯೂರ್ ಡೇಟಾ ಎಂಬ ಸಂಗೀತದ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದವರಿಗೆಲ್ಲ ಒಂದು ಗೆರೆಯ ಪರಿಚಯ ಇರುತ್ತದೆ. ಪ್ಯಾಚ್, ಅಂದರೆ ಅದರಲ್ಲಿ ಬರೆದ ಪ್ರೋಗ್ರಾಂ, ತೆರೆಯುತ್ತೀರಿ. ಪೆಟ್ಟಿಗೆಗಳು, ಅವುಗಳ ನಡುವಿನ ತಂತಿಗಳು, ಎಲ್ಲ ಇದ್ದ ಹಾಗೇ ಇವೆ. ಆದರೆ ಒಂದು ಪೆಟ್ಟಿಗೆಯ ಅಂಚು ಮಾತ್ರ ತುಂಡು ತುಂಡು ಗೆರೆ. ಪಕ್ಕದ ಕಿಟಕಿಯಲ್ಲಿ ಎರಡೇ ಪದ: "ಕುಡ್‌ನಾಟ್ ಕ್ರಿಯೇಟ್". ಈ ಹೆಸರಿನದ್ದು ನನಗೆ ಸಿಗಲಿಲ್ಲ, ಜಾಗ ಮಾತ್ರ ಹಿಡಿದಿಟ್ಟಿದ್ದೇನೆ ಅಂತ ಅದರ ಅರ್ಥ. ಒಬ್ಬರೇ ಕೂತು ನುಡಿಸುವಾಗ ಇದು ಸಣ್ಣ ತಲೆನೋವು. ವೇದಿಕೆ ಮೇಲೆ 15 ಜನ ಕೂತಿದ್ದಾರೆ, 14 ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾಚ್ ಸರಿಯಾಗಿ ತೆರೆದಿದೆ, ಒಂದರಲ್ಲಿ ಮಾತ್ರ ಆ ತುಂಡು ಗೆರೆ ಬಂದಿದೆ ಅಂದುಕೊಳ್ಳಿ. ಸಾಫ್ಟ್‌ವೇರನ್ನು ಯಾರು, ಎಲ್ಲಿ, ಹೇಗೆ ಕಟ್ಟಿದರು ಅನ್ನುವ ಪ್ರಶ್ನೆ ಆಗ ಇಡೀ ತಂಡದ ಪ್ರಶ್ನೆಯಾಗುತ್ತದೆ.

ಒಂದು ಯಂತ್ರದಲ್ಲಿ ಸಾಫ್ಟ್‌ವೇರ್ ಓಡಿಸುವುದು ದೊಡ್ಡ ಸಂಗತಿಯಲ್ಲ. ಎಲ್ಲ ಯಂತ್ರಗಳಲ್ಲೂ ಅದೇ ಸಾಫ್ಟ್‌ವೇರ್, ಅದೇ ರೀತಿ ಓಡುವಂತೆ ಮಾಡುವುದೇ ಕಷ್ಟ. ತಂಬೂರಿ ಶ್ರುತಿ ಮಾಡದೆ ಕಛೇರಿಗೆ ಕೂರುವವರಿಲ್ಲ ಅಲ್ವಾ? ಇಲ್ಲಿ ಶ್ರುತಿ ಮಾಡುವ ಕೆಲಸದ ಅರ್ಧ ಭಾಗ ಪ್ರೋಗ್ರಾಂ ಕಟ್ಟುವ ಸಲಕರಣೆಯಾದ ಕಂಪೈಲರ್ ಮುಂದೆ ಕೂತು ಆಗಬೇಕು.

ಮೊದಲು ಈ ಆರ್ಕೆಸ್ಟ್ರಾ ಅಂದರೆ ಏನು ನೋಡೋಣ. ಕಂಪ್ಯೂಟರ್‌ಗಳನ್ನು ತಂತಿಯಲ್ಲಿ ಜೋಡಿಸಿ ಒಟ್ಟಿಗೆ ನುಡಿಸುವ ಆಸೆ ಹಳೆಯದು. 1978ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಲೀಗ್ ಆಫ್ ಆಟೊಮ್ಯಾಟಿಕ್ ಮ್ಯೂಸಿಕ್ ಕಂಪೋಸರ್ಸ್ ಎಂಬ ಗುಂಪು ಕಿಮ್-1 ಎಂಬ ಒಂದೇ ಬೋರ್ಡಿನ ಕಂಪ್ಯೂಟರ್‌ಗಳನ್ನು ಹೀಗೆ ಜೋಡಿಸಿತ್ತು. ಈಗ ನಾವು ಲ್ಯಾಪ್‌ಟಾಪ್ ಆರ್ಕೆಸ್ಟ್ರಾ ಅನ್ನುವ ರೂಪ ಬಂದದ್ದು 2005ರಲ್ಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಟ್ರೂಮನ್ ಮತ್ತು ಪೆರಿ ಕುಕ್ ಪ್ಲಾರ್ಕ್ ಎಂಬ ತಂಡ ಕಟ್ಟಿದರು. ಪ್ರತಿ ವಾದಕನಿಗೆ ಒಂದು ಲ್ಯಾಪ್‌ಟಾಪ್, ಪಕ್ಕದಲ್ಲೇ ಅವನದೇ ಒಂದು ಸ್ಪೀಕರ್. ಆ ಸ್ಪೀಕರ್ ಅರ್ಧಗೋಳದ ಆಕಾರದ್ದು, ಸುತ್ತಲೂ ಆರು ಕಡೆಗೆ ಸದ್ದು ಹೊರಡಿಸುತ್ತದೆ. ಸಭಾಂಗಣದ ಎರಡು ದೊಡ್ಡ ಸ್ಪೀಕರ್‌ಗಳಿಗೆ ಎಲ್ಲರ ಸದ್ದನ್ನೂ ಸುರಿದರೆ ಯಾರು ಏನು ನುಡಿಸುತ್ತಿದ್ದಾರೆ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಪಿಟೀಲಿನ ಸದ್ದು ಪಿಟೀಲು ಇರುವ ಜಾಗದಿಂದಲೇ ಬರುತ್ತದೆ. ಲ್ಯಾಪ್‌ಟಾಪ್‌ನ ಸದ್ದೂ ಹಾಗೇ ಬರಲಿ ಅನ್ನುವುದು ಇದರ ಹಿಂದಿನ ವಿಚಾರ.

2008ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಗೆ ವಾಂಗ್ ಸ್ಲಾರ್ಕ್ ಶುರು ಮಾಡಿದರು. ಅವರ ಅರ್ಧಗೋಳದ ಸ್ಪೀಕರ್‌ಗಳು ಮರದ ಸಲಾಡ್ ಬಟ್ಟಲನ್ನು ಕೊರೆದು ಮಾಡಿದವು! 2009ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಈವಿಟ್ಸಾ ಇಕೊ ಬುಕ್ವಿಚ್ ಕಟ್ಟಿದ ಎಲ್‌ಟುಆರ್ಕ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಅಗ್ಗದ ನೆಟ್‌ಬುಕ್‌ಗಳು, ಎಲ್ಲದರಲ್ಲೂ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ. ನಮ್ಮ ಕಥೆಗೆ ಈ ತಂಡ ಮುಖ್ಯ, ಯಾಕೆಂದರೆ ಇವರು ಸಾಫ್ಟ್‌ವೇರನ್ನು ತೆಗೆದುಕೊಂಡು ಬಳಸಿ ಸುಮ್ಮನಾಗಲಿಲ್ಲ. ತಮಗೆ ಬೇಕಾದ ಹಾಗೆ ಬದಲಾಯಿಸಿ, ತಾವೇ ಕಟ್ಟಿ, ಹಂಚಿದರು.

ಅವರು ಬದಲಾಯಿಸಿದ್ದು ಪ್ಯೂರ್ ಡೇಟಾವನ್ನು, ಬಳಸುವವರ ಬಾಯಲ್ಲಿ ಪಿಡಿ. ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ಬರೆದ ಮುಕ್ತ ಸಾಫ್ಟ್‌ವೇರ್ ಇದು. ಪೆಟ್ಟಿಗೆಗಳನ್ನು ಇಟ್ಟು, ಗೆರೆ ಎಳೆದು ಜೋಡಿಸಿದರೆ ಅದೇ ಪ್ರೋಗ್ರಾಂ. ಮೂಲ ಪಿಡಿಯಲ್ಲಿ ಇರುವ ಪೆಟ್ಟಿಗೆಗಳು ಕಡಿಮೆ. ಬೇರೆಯವರು ಬರೆದು ಸೇರಿಸಿದ ಪೆಟ್ಟಿಗೆಗಳಿಗೆ ಎಕ್ಸ್‌ಟರ್ನಲ್ ಅಂತ ಹೆಸರು. ಇವುಗಳನ್ನೆಲ್ಲ ಒಂದೇ ಗಂಟಿನಲ್ಲಿ ಕೊಡುತ್ತಿದ್ದ ಪಿಡಿ-ಎಕ್ಸ್‌ಟೆಂಡೆಡ್ ಎಂಬ ಆವೃತ್ತಿ ಇತ್ತು, ಅದರ ಕೆಲಸ ಮುಂದೆ ನಿಂತುಹೋಯಿತು. ಅದರಿಂದ ಕವಲೊಡೆದದ್ದು ಪಿಡಿ-ಎಲ್‌ಟುಆರ್ಕ್. ಆಮೇಲೆ ಜೊನಾಥನ್ ವಿಲ್ಕ್ಸ್ ಅದರ ಪರದೆಯ ಭಾಗವನ್ನು ಬೇರೆ ತಂತ್ರದಲ್ಲಿ ಹೊಸದಾಗಿ ಬರೆದರು, ಅದು ಪರ್ ಡೇಟಾ. ಬೆಕ್ಕು ಗುರ್‌ಗುಟ್ಟುವ ಸದ್ದಿಗೆ ಇಂಗ್ಲಿಷಿನಲ್ಲಿ ಪರ್ ಅನ್ನುತ್ತಾರೆ, ಹೆಸರಿನ ತಮಾಷೆ ಅಷ್ಟೇ. ಹೊಸ ಪರದೆಯೊಳಗೆ ಒಂದು ಇಡೀ ಬ್ರೌಸರ್ ಎಂಜಿನ್ ಕೂತಿರುವುದರಿಂದ ಇದರ ಗಾತ್ರ ಮೂಲ ಪಿಡಿಗಿಂತ ಬಹಳ ಜಾಸ್ತಿ. ಕಟ್ಟುವುದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ.

ರೆಡಿ ಪ್ಯಾಕೇಜ್ ಸಿಗುವಾಗ ಕಟ್ಟುವ ಗೋಜು ಯಾಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಿಕ್ಕರೆ ಅದನ್ನೇ ಹಾಕಿಕೊಳ್ಳಿ, ಹೆಮ್ಮೆಗೋಸ್ಕರ ಕಂಪೈಲ್ ಮಾಡಬೇಡಿ. ಆದರೆ ತಂಡಕ್ಕೆ ಅಷ್ಟರಲ್ಲಿ ಮುಗಿಯುವುದಿಲ್ಲ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಷ ಹಳೆಯ ಉಬುಂಟು, ಇನ್ನೊಬ್ಬರದ್ದು ಹೊಸ ಡೆಬಿಯನ್, ಮತ್ತೊಬ್ಬರದ್ದು ಫೆಡೋರಾ, ಎಲ್ಲವೂ ಲಿನಕ್ಸ್‌ನ ಬಗೆಗಳೇ. ಮೂರೂ ಕಡೆ ಅದೇ ಹೆಸರಿನ ಪ್ಯಾಕೇಜ್ ಸಿಗುತ್ತದೆ, ಆದರೆ ವರ್ಷನ್ ಬೇರೆ ಬೇರೆ. ಸೂಪರ್‌ಕೊಲೈಡರ್ ಎಂಬ ಸಂಗೀತದ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಅದರ ಹೆಚ್ಚುವರಿ ಪ್ಲಗಿನ್‌ಗಳು ಬೇರೆ ಗಂಟಾಗಿ ಬರುತ್ತವೆ, ಅವುಗಳನ್ನು ಸೂಪರ್‌ಕೊಲೈಡರ್‌ನ ಸೋರ್ಸ್ ಎದುರಿಗಿಟ್ಟುಕೊಂಡೇ ಕಟ್ಟಬೇಕು. ಎರಡರ ವರ್ಷನ್ ಹೊಂದದಿದ್ದರೆ ಪ್ಲಗಿನ್ ಲೋಡ್ ಆಗಲಿಕ್ಕಿಲ್ಲ.

ಇನ್ನು ಕಟ್ಟುವುದು ಅಂದರೆ ಏನು? ಸೋರ್ಸ್ ಕೋಡ್ ಅನ್ನುವುದು ಮನುಷ್ಯರು ಓದುವ ಬರಹ, ಹೆಚ್ಚಾಗಿ ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ. ಕಂಪೈಲರ್ ಅದನ್ನು ಪ್ರೊಸೆಸರ್‌ಗೆ ತಿಳಿಯುವ ಆದೇಶಗಳನ್ನಾಗಿ ಮಾಡುತ್ತದೆ. ಆದರೆ ಯಾವ ಪ್ರೋಗ್ರಾಮೂ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಬೇರೆಯವರು ಬರೆದಿಟ್ಟ ಕೋಡಿನ ಗಂಟುಗಳನ್ನು, ಅಂದರೆ ಲೈಬ್ರರಿಗಳನ್ನು, ಬಳಸಿಕೊಳ್ಳುತ್ತದೆ. ಸೌಂಡ್ ಕಾರ್ಡ್ ಜೊತೆ ಮಾತಾಡಲು ಆಲ್ಸಾ ಲೈಬ್ರರಿ, ಸದ್ದಿನ ಫೈಲ್ ಓದಲು ಇನ್ನೊಂದು ಲೈಬ್ರರಿ, ಹೀಗೆ ಎರವಲು ಪಡೆಯುತ್ತದೆ. ಇವುಗಳೇ ಡಿಪೆಂಡೆನ್ಸಿಗಳು.

ಹೊಸಬರು ನೂರಕ್ಕೆ ತೊಂಬತ್ತು ಸಲ ಎಡವುವುದು ಇಲ್ಲೇ. "ಆಲ್ಸಾ ನನ್ನ ಹತ್ತಿರ ಇದೆ, ಹಾಡು ಕೇಳ್ತಾ ಇದೆ, ಆದರೂ ಕಂಪೈಲರ್ ಇಲ್ಲ ಅನ್ನುತ್ತೆ" ಅಂತ ಗೊಣಗುತ್ತಾರೆ. ಒಂದು ಲೈಬ್ರರಿಯಲ್ಲಿ ಎರಡು ಭಾಗ ಇವೆ. ಓಡುವಾಗ ಬೇಕಾದ್ದು ಒಂದು. ಕಟ್ಟುವಾಗ ಬೇಕಾದ್ದು ಇನ್ನೊಂದು, ಅಂದರೆ ಹೆಡರ್ ಫೈಲ್‌ಗಳು. ಲೈಬ್ರರಿಯಲ್ಲಿ ಯಾವ ಕೆಲಸಕ್ಕೆ ಯಾವ ಹೆಸರು, ಹೇಗೆ ಕರೆಯಬೇಕು ಅನ್ನುವ ಪಟ್ಟಿ ಅದು. ಹಾಡು ಕೇಳುವವರಿಗೆ ಆ ಪಟ್ಟಿ ಬೇಡ, ಆದ್ದರಿಂದ ಲಿನಕ್ಸ್‌ನಲ್ಲಿ ಅದನ್ನು ಬೇರೆ ಪ್ಯಾಕೇಜ್ ಮಾಡಿ ಇಟ್ಟಿರುತ್ತಾರೆ. ಡೆಬಿಯನ್, ಉಬುಂಟುಗಳಲ್ಲಿ ಅದರ ಹೆಸರು "ಡೆವ್" ಅಂತ ಮುಗಿಯುತ್ತದೆ, ಫೆಡೋರಾದಲ್ಲಿ "ಡೆವೆಲ್" ಅಂತ. ಯಾವುದೋ ಹೆಡರ್ ಸಿಗಲಿಲ್ಲ ಅಂತ ದೂರು ಬಂದರೆ ಮೊದಲು ಹುಡುಕಬೇಕಾದ್ದು ಆ ಬಾಲದ ಪ್ಯಾಕೇಜನ್ನೇ.

ಹಳೆಯ ಶೈಲಿಯ ಪ್ರಾಜೆಕ್ಟ್‌ಗಳಲ್ಲಿ ಮೂರು ಹೆಜ್ಜೆ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಮೊದಲನೆಯದು ನಿಮ್ಮ ಯಂತ್ರವನ್ನು ತಡಕಾಡಿ ಏನಿದೆ, ಏನಿಲ್ಲ ನೋಡುತ್ತದೆ. ಎರಡನೆಯದು ಕಂಪೈಲ್ ಮಾಡುತ್ತದೆ. ಮೂರನೆಯದು ಆದ ಫೈಲ್‌ಗಳನ್ನು ಸರಿಯಾದ ಜಾಗಕ್ಕೆ ನಕಲು ಮಾಡುತ್ತದೆ. ಸೂಪರ್‌ಕೊಲೈಡರ್‌ನಂಥವು ಕಾನ್ಫಿಗರ್ ಬದಲು ಸಿಮೇಕ್ ಬಳಸುತ್ತವೆ, ಕೆಲಸ ಅದೇ. ಸಂಗೀತಕ್ಕೆಂದೇ ಇರುವ ಚಕ್ ಭಾಷೆ ಇವುಗಳಲ್ಲಿ ಹಗುರ. ಅದರ ಮೂಲ ರೂಪಕ್ಕೆ ಕಿಟಕಿ, ಬಟನ್ ಏನೂ ಇಲ್ಲ. ಬೈಸನ್, ಫ್ಲೆಕ್ಸ್ ಎಂಬ ಎರಡು ಸಲಕರಣೆ ಮತ್ತು ಆಡಿಯೊ ಲೈಬ್ರರಿಗಳಿದ್ದರೆ ಸಾಕು. ಮೊದಲ ಸಲ ಕಟ್ಟಲು ಕಲಿಯುವವರಿಗೆ ನಾನು ಹೇಳುವುದು ಚಕ್‌ನಿಂದಲೇ ಶುರು ಮಾಡಿ ಅಂತ. ಸೂಪರ್‌ಕೊಲೈಡರ್‌ನಿಂದ ಶುರು ಮಾಡಿದರೆ ಕ್ಯೂಟಿ ಎಂಬ ದೊಡ್ಡ ಲೈಬ್ರರಿಯ ಜೊತೆ ಗುದ್ದಾಡುವಷ್ಟರಲ್ಲಿ ಸಂಗೀತದ ಉತ್ಸಾಹವೇ ಇಳಿದುಹೋಗುತ್ತದೆ.

ತಪ್ಪಾಗಿ ನಿಂತುಹೋದ ಬಿಲ್ಡ್ ಬಗ್ಗೆ ನನಗೆ ಭಯವಿಲ್ಲ. ಅದು ಎಲ್ಲಿ ನಿಂತಿತು ಅಂತ ಹೇಳುತ್ತದೆ. ಭಯ ಇರುವುದು ಅರ್ಧಂಬರ್ಧ ಗೆದ್ದ ಬಿಲ್ಡ್ ಬಗ್ಗೆ. ಅನೇಕ ಪ್ರಾಜೆಕ್ಟ್‌ಗಳಲ್ಲಿ ಕೆಲವು ಲೈಬ್ರರಿಗಳು ಐಚ್ಛಿಕ. ಸಿಕ್ಕರೆ ಸೇರಿಸುತ್ತದೆ, ಸಿಗದಿದ್ದರೆ ತುಟಿಪಿಟಕ್ಕೆನ್ನದೆ ಬಿಟ್ಟು ಮುಂದೆ ಹೋಗುತ್ತದೆ. ಕೊನೆಗೆ ಯಶಸ್ವಿ ಅನ್ನುತ್ತದೆ. ನಿಮ್ಮದರಲ್ಲಿ ಪ್ರೋಗ್ರಾಂಗಳ ನಡುವೆ ಸದ್ದು ಸಾಗಿಸುವ ಜ್ಯಾಕ್ ಸೇರಿದೆ, ಪಕ್ಕದವರದ್ದರಲ್ಲಿ ಇಲ್ಲ. ಇಬ್ಬರದ್ದೂ ಒಂದೇ ವರ್ಷನ್, ಒಂದೇ ಸೋರ್ಸ್, ಆದರೂ ಬೇರೆ ವಾದ್ಯ. ಅದಕ್ಕೇ ಕಾನ್ಫಿಗರ್ ಮುಗಿದ ಮೇಲೆ ಕೊನೆಯಲ್ಲಿ ಬರುವ ಸಾರಾಂಶವನ್ನು ಕಣ್ಣಿಟ್ಟು ಓದಬೇಕು. ನೂರಾರು ಸಾಲು ಸರಸರ ಓಡಿಹೋದ ಮೇಲೆ ಬರುವ ಆ ಏಳೆಂಟು ಸಾಲೇ ಮುಖ್ಯ.

ಹೀಗಾಗಿ 15 ಜನ 15 ಲ್ಯಾಪ್‌ಟಾಪ್‌ಗಳಲ್ಲಿ ತಾವೇ ಕಂಪೈಲ್ ಮಾಡಿಕೊಳ್ಳುವುದು ನನ್ನ ಮಟ್ಟಿಗೆ ಕೆಟ್ಟ ಉಪಾಯ. ಕಲಿಯಲು ಒಂದು ದಿನ ಮಾಡಿ, ಕಾರ್ಯಕ್ರಮಕ್ಕೆ ಬೇಡ. ಒಂದು ಯಂತ್ರದಲ್ಲಿ ಕಟ್ಟಿ, ಪ್ಯಾಕೇಜ್ ಮಾಡಿ, ಅದನ್ನೇ ಎಲ್ಲರಿಗೂ ಹಂಚಿ. ಆಗ ತಪ್ಪಿದ್ದರೂ ಎಲ್ಲರಲ್ಲೂ ಒಂದೇ ತಪ್ಪು ಇರುತ್ತದೆ, ಹುಡುಕುವುದು ಸುಲಭ.

ಹಾಗೆ ಹಂಚುವಾಗ ಯಾವ ಯಂತ್ರದಲ್ಲಿ ಕಟ್ಟಬೇಕು? ಎಲ್ಲರಿಗಿಂತ ವೇಗದ, ಹೊಸ ಲ್ಯಾಪ್‌ಟಾಪ್‌ನಲ್ಲಿ ಅಂತ ಮನಸ್ಸು ಹೇಳುತ್ತದೆ. ಅದು ತಪ್ಪು. ತಂಡದಲ್ಲಿ ಎಲ್ಲಕ್ಕಿಂತ ಹಳೆಯ ಲಿನಕ್ಸ್ ಯಾರದ್ದೋ ಅದರಲ್ಲಿ ಕಟ್ಟಬೇಕು. ಈ ಲಿನಕ್ಸ್‌ಗಳಲ್ಲಿ ಬಹುತೇಕ ಪ್ರತಿ ಪ್ರೋಗ್ರಾಮೂ ಗ್ಲಿಬ್‌ಸಿ ಎಂಬ ಬುಡದ ಲೈಬ್ರರಿಯ ಮೇಲೆ ನಿಂತಿರುತ್ತದೆ. ಹಳೆಯ ಗ್ಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಎಷ್ಟೋ ಸಲ ಬಾಗಿಲಲ್ಲೇ ನಿಲ್ಲುತ್ತದೆ. ಇನ್ನೊಂದು ಬಲೆ ಇದೆ: ಈ ಯಂತ್ರದ ಪ್ರೊಸೆಸರ್‌ಗೇ ಹೊಂದುವಂತೆ ಕಟ್ಟು ಅಂತ ಕಂಪೈಲರ್‌ಗೆ ಹೇಳುವ "ನೇಟಿವ್" ಆಯ್ಕೆ. ಸ್ವಲ್ಪ ವೇಗ ಸಿಗುತ್ತದೆ, ನಿಜ. ಆದರೆ ಹಳೆಯ ಪ್ರೊಸೆಸರ್‌ನಲ್ಲಿ ಅದೇ ಪ್ರೋಗ್ರಾಂ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಹೇಳಿ ಬಿದ್ದುಹೋಗುತ್ತದೆ. ಹಂಚುವ ಪ್ಯಾಕೇಜ್‌ನಲ್ಲಿ ಈ ಆಯ್ಕೆ ಇರಲೇಬಾರದು. ಎಆರ್‌ಎಂ ಎಂಬ ಬೇರೆ ಬಗೆಯ ಪ್ರೊಸೆಸರ್ ಇರುವ ಯಂತ್ರಕ್ಕಂತೂ ಬೇರೆ ಪ್ಯಾಕೇಜೇ ಬೇಕು. ರಾಸ್ಪ್‌ಬೆರಿ ಪೈ ಇಟ್ಟುಕೊಂಡವರೂ, 2020ರ ನಂತರದ ಹೆಚ್ಚಿನ ಮ್ಯಾಕ್‌ಗಳನ್ನು ಇಟ್ಟುಕೊಂಡವರೂ ಈ ಗುಂಪಿಗೇ ಸೇರುತ್ತಾರೆ.

ಇನ್‌ಸ್ಟಾಲ್ ಮಾಡುವಾಗಲೂ ಒಂದು ಮೋಸ ನಡೆಯುತ್ತದೆ. ಕೈಯಿಂದ ಕಟ್ಟಿದ್ದು ಸಾಮಾನ್ಯವಾಗಿ "ಯುಎಸ್ಆರ್ ಲೋಕಲ್" ಎಂಬ ಫೋಲ್ಡರ್‌ಗೆ ಹೋಗುತ್ತದೆ. ಪ್ಯಾಕೇಜ್‌ನಿಂದ ಬಂದದ್ದು ಬರೀ "ಯುಎಸ್ಆರ್" ಒಳಗೆ. ಎರಡೂ ಇದ್ದರೆ ಬಹುತೇಕ ಲೋಕಲ್‌ನದ್ದೇ ಮೊದಲು ಓಡುತ್ತದೆ. ಆರು ತಿಂಗಳ ಹಿಂದೆ ಕಟ್ಟಿ ಮರೆತದ್ದು ಅಲ್ಲಿ ಕೂತಿರುತ್ತದೆ. ನೀವು ಹೊಸ ಪ್ಯಾಕೇಜ್ ಹಾಕಿ, ಏನೂ ಬದಲಾಗಲಿಲ್ಲವಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ. ನಾನೇ ಒಂದು ಇಡೀ ಸಂಜೆ ಹೀಗೆ ಕಳೆದಿದ್ದೇನೆ. ಟರ್ಮಿನಲ್‌ನಲ್ಲಿ "ವಿಚ್" ಎಂಬ ಆದೇಶ ಕೊಟ್ಟಿದ್ದರೆ ಯಾವ ಫೋಲ್ಡರ್‌ನದ್ದು ಓಡುತ್ತಿದೆ ಅಂತ ಒಂದೇ ಸಾಲಿನಲ್ಲಿ ಗೊತ್ತಾಗುತ್ತಿತ್ತು.

ಎಕ್ಸ್‌ಟರ್ನಲ್‌ಗಳ ವಿಷಯಕ್ಕೆ ಬಂದರೆ, ಮೂಲ ಪಿಡಿಯಲ್ಲಿ ಈಗ ಡೆಕೆನ್ ಎಂಬ ಸೌಲಭ್ಯ ಒಳಗೇ ಇದೆ. ಮೆನುವಿನಿಂದಲೇ ಹುಡುಕಿ ಇಳಿಸಿಕೊಳ್ಳಬಹುದು. ಒಳ್ಳೆಯದೇ. ಆದರೆ ಒಬ್ಬೊಬ್ಬರೂ ಒಂದೊಂದು ದಿನ ಇಳಿಸಿಕೊಂಡರೆ ಮತ್ತೆ ಬೇರೆ ಬೇರೆ ವರ್ಷನ್ ಬಂದು ಕೂರುತ್ತದೆ. ಒಂದು ಕೃತಿಗೆ ಬೇಕಾದ ಎಕ್ಸ್‌ಟರ್ನಲ್‌ಗಳನ್ನು ಆ ಕೃತಿಯ ಫೋಲ್ಡರ್‌ನಲ್ಲೇ ಇಟ್ಟು, ಪ್ಯಾಚ್ ಜೊತೆಗೇ ಹಂಚುವುದು ಜಾಣತನ. ಮೊದಲು ಹೇಳಿದ ತುಂಡು ಗೆರೆ ಹೆಚ್ಚಾಗಿ ಮಾಯವಾಗುವುದು ಈ ಒಂದು ಅಭ್ಯಾಸದಿಂದ.

ಇಷ್ಟಾದರೂ ಸದ್ದು ಚಟಪಟ ಅನ್ನಬಹುದು. ಅದು ಬಿಲ್ಡ್ ತಪ್ಪಲ್ಲ, ಹೊತ್ತಿನ ಲೆಕ್ಕ. ಕಂಪ್ಯೂಟರ್ ಸದ್ದನ್ನು ಹನಿ ಹನಿಯಾಗಿ ಕಳಿಸುವುದಿಲ್ಲ, ಬೊಗಸೆ ಬೊಗಸೆಯಾಗಿ ಕಳಿಸುತ್ತದೆ. ಆ ಬೊಗಸೆಯೇ ಬಫರ್. ಸದ್ದಿನ ಒಂದೊಂದು ಅಳತೆಗೆ ಸ್ಯಾಂಪಲ್ ಅನ್ನುತ್ತಾರೆ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 256 ಸ್ಯಾಂಪಲ್‌ನ ಬಫರ್ ಅಂದರೆ ಸುಮಾರು 5.3 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ಬೊಗಸೆ ತುಂಬಿರಬೇಕು. ತುಂಬದಿದ್ದರೆ ಚಟ್ ಅನ್ನುತ್ತದೆ, ಇದಕ್ಕೆ ಎಕ್ಸ್‌ರನ್ ಅಂತ ಹೆಸರು. ಬಫರನ್ನು 2048ಕ್ಕೆ ಏರಿಸಿದರೆ ಚಟಪಟ ನಿಲ್ಲುತ್ತದೆ, ಆದರೆ ವಿಳಂಬ 43 ಮಿಲಿಸೆಕೆಂಡ್ ಹತ್ತಿರ ಹೋಗುತ್ತದೆ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 43 ಮಿಲಿಸೆಕೆಂಡ್ ಎಂದರೆ ನಿಮ್ಮ ವಾದ್ಯ ಸುಮಾರು 15 ಮೀಟರ್ ದೂರದಲ್ಲಿ ಇದ್ದ ಹಾಗೆ. ನಿಧಾನವಾಗಿ ತೇಲುವ ಸದ್ದಿಗೆ ಇದು ನಡೆಯುತ್ತದೆ, ತಾಳಕ್ಕೆ ನಡೆಯುವುದಿಲ್ಲ.

ಬಫರ್ ಚಿಕ್ಕದಾಗಿಟ್ಟು ಚಟಪಟ ತಪ್ಪಿಸಬೇಕಾದರೆ ಆಡಿಯೊ ಕೆಲಸಕ್ಕೆ ಸಾಲಿನಲ್ಲಿ ಮೊದಲ ಜಾಗ ಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ರಿಯಲ್‌ಟೈಮ್ ಆದ್ಯತೆ ಅನ್ನುತ್ತಾರೆ. ಡೆಬಿಯನ್, ಉಬುಂಟುಗಳಲ್ಲಿ ಜ್ಯಾಕ್ ಹಾಕುವಾಗ ಇದನ್ನು ಕೊಡಲೇ ಅಂತ ಕೇಳುತ್ತದೆ. ಹೌದು ಅನ್ನಬೇಕು, ಬಳಕೆದಾರನನ್ನು "ಆಡಿಯೊ" ಗುಂಪಿಗೆ ಸೇರಿಸಬೇಕು, ಆಮೇಲೆ ಒಮ್ಮೆ ಲಾಗೌಟ್ ಆಗಿ ಒಳಗೆ ಬರಬೇಕು. ಈ ಕೊನೆಯ ಹೆಜ್ಜೆ ಮರೆಯುವವರೇ ಜಾಸ್ತಿ. ಮೊದಲೆಲ್ಲ ಇದಕ್ಕಾಗಿ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನೇ ತೇಪೆ ಹಾಕಿ ಕಂಪೈಲ್ ಮಾಡುತ್ತಿದ್ದರು. ಆ ರಿಯಲ್‌ಟೈಮ್ ತೇಪೆ 2024ರಲ್ಲಿ 6.12 ಆವೃತ್ತಿಯಿಂದ ಮುಖ್ಯ ಕರ್ನಲ್‌ನೊಳಗೇ ಬಂದಿದೆ. ನಿಜ ಹೇಳಬೇಕೆಂದರೆ ಹೆಚ್ಚಿನ ತಂಡಗಳಿಗೆ ಮಾಮೂಲಿ ಕರ್ನಲ್ ಸಾಕು. ಬ್ಯಾಟರಿ ಉಳಿಸುವ ಮೋಡ್ ತೆಗೆದು, ಚಾರ್ಜರ್ ಸಿಕ್ಕಿಸಿ ನುಡಿಸಿದರೆ ಅರ್ಧ ಚಟಪಟ ಅಲ್ಲೇ ನಿಲ್ಲುತ್ತದೆ.

ಈಚಿನ ಲಿನಕ್ಸ್‌ಗಳಲ್ಲಿ ಜ್ಯಾಕ್ ಬದಲು ಪೈಪ್‌ವೈರ್ ಇರುತ್ತದೆ. ಜ್ಯಾಕ್‌ಗಾಗಿ ಬರೆದ ಪ್ರೋಗ್ರಾಂಗಳನ್ನೂ ಅದು ನಡೆಸಿಕೊಡುತ್ತದೆ. ಎರಡೂ ಒಟ್ಟಿಗೆ ಒಂದೇ ಸೌಂಡ್ ಕಾರ್ಡಿಗೆ ಜಗಳ ಆಡದಂತೆ ನೋಡಿಕೊಂಡರೆ ಸಾಕು.

ಯಂತ್ರಗಳು ಒಂದಕ್ಕೊಂದು ಮಾತಾಡುವುದು ಹೇಗೆ ಅನ್ನುವುದು ಉಳಿಯಿತು. ಇದಕ್ಕೆ ಹೆಚ್ಚಾಗಿ ಬಳಸುವುದು ಓಎಸ್‌ಸಿ, ಅಂದರೆ ಓಪನ್ ಸೌಂಡ್ ಕಂಟ್ರೋಲ್. 1997ರಲ್ಲಿ ಬರ್ಕ್ಲಿಯ ಸಿಎನ್‌ಮ್ಯಾಟ್ ಎಂಬ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಮ್ಯಾಟ್ ರೈಟ್ ಮತ್ತು ಏಡ್ರಿಯನ್ ಫ್ರೀಡ್ ರೂಪಿಸಿದ್ದು. ಪಿಡಿ, ಚಕ್, ಸೂಪರ್‌ಕೊಲೈಡರ್ ಮೂರಕ್ಕೂ ಇದು ಗೊತ್ತು, ಹಾಗಾಗಿ ಬೇರೆ ಬೇರೆ ಭಾಷೆ ಬಳಸುವವರೂ ಒಟ್ಟಿಗೆ ನುಡಿಸಬಹುದು. ಈ ಸಂದೇಶಗಳು ಸಾಮಾನ್ಯವಾಗಿ ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದ ಮೂಲಕ ಹೋಗುತ್ತವೆ. ಯುಡಿಪಿ ಬೇಗ ತಲುಪಿಸುತ್ತದೆ, ಆದರೆ ತಲುಪಿತೇ ಅಂತ ತಿರುಗಿ ನೋಡುವುದಿಲ್ಲ. ವೈಫೈನಲ್ಲಿ ಎಲ್ಲರಿಗೂ ಒಮ್ಮೆಲೇ ಕೂಗಿ ಹೇಳುವ ಬ್ರಾಡ್‌ಕಾಸ್ಟ್ ಇನ್ನೂ ನೆಚ್ಚಿಕೆಗೆ ಬಾರದ್ದು. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸುವುದೇ ವಾಸಿ. ತಂತಿ ಎಳೆಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಯಂತ್ರಕ್ಕೆ ಮಾತ್ರ ಸಂದೇಶ ಬರುತ್ತಿಲ್ಲ ಅಂದರೆ ಮೊದಲು ಅದರ ಫೈರ್‌ವಾಲ್ ನೋಡಿ.

ಸಂದೇಶ ಕಳೆದುಹೋಗುತ್ತದೆ ಅಂತ ಒಪ್ಪಿಕೊಂಡೇ ಪ್ಯಾಚ್ ಬರೆಯಬೇಕು. "ಮುಂದಿನ ಭಾಗಕ್ಕೆ ಹೋಗಿ" ಅಂತ ಒಂದು ಸಲ ಕಳಿಸಿದರೆ, ಅದು ತಪ್ಪಿದವರು ಕೃತಿ ಮುಗಿಯುವವರೆಗೂ ಹಿಂದೆಯೇ ಉಳಿಯುತ್ತಾರೆ. ಅದರ ಬದಲು "ಈಗ ನಾವು ಮೂರನೇ ಭಾಗದಲ್ಲಿದ್ದೇವೆ" ಅಂತ ಪ್ರತಿ ಆವರ್ತಕ್ಕೂ ಕಳಿಸಿ. ಒಂದು ತಪ್ಪಿದರೂ ಮುಂದಿನದು ಬಂದು ಸರಿ ಮಾಡುತ್ತದೆ. ಇದು ಲಯಕ್ಕೂ ಬೇಕು. ಯಾವ ಎರಡು ಲ್ಯಾಪ್‌ಟಾಪ್‌ಗಳ ಗಡಿಯಾರವೂ ಪೂರ್ತಿ ಒಂದೇ ಅಲ್ಲ. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸ ಇದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್, ಹತ್ತು ನಿಮಿಷಕ್ಕೆ 30 ಮಿಲಿಸೆಕೆಂಡ್ ಸರಿಯುತ್ತದೆ. ಶುರುವಿನಲ್ಲಿ ಒಮ್ಮೆ ಹೊಂದಿಸಿ ಬಿಟ್ಟರೆ ಕೊನೆಯಲ್ಲಿ ತಾಳ ಕದಡಿರುತ್ತದೆ.

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ತನ್ನಿಂತಾನೇ ಆಗುವ ಅಪ್‌ಡೇಟ್‌ಗಳನ್ನು ನಿಲ್ಲಿಸಿ. ಪ್ಯಾಕೇಜ್ ಜೊತೆಗೆ ಅದನ್ನು ಕಟ್ಟಿದ ಸೋರ್ಸ್, ಬಳಸಿದ ಆಯ್ಕೆಗಳು, ಎಲ್ಲವನ್ನೂ ಕೃತಿಯ ಫೋಲ್ಡರ್‌ನಲ್ಲಿ ಇಡಿ. ಐದು ವರ್ಷ ಬಿಟ್ಟು ಅದೇ ಕೃತಿ ನುಡಿಸಬೇಕಾದಾಗ ಗ್ಲಿಬ್‌ಸಿ ಬಿಟ್ಟು ಉಳಿದ ಲೈಬ್ರರಿಗಳು ಬದಲಾಗಿ, ಹಳೆಯ ಪ್ಯಾಕೇಜ್ ಹೊಸ ಲಿನಕ್ಸ್‌ನಲ್ಲಿ ಏರದೇ ಇರಬಹುದು. ಸೋರ್ಸ್ ಇದ್ದರೆ ಮತ್ತೆ ಕಟ್ಟಬಹುದು.

ಹಿಂದಿನ ದಿನ ನಾನು ಮಾಡಿಸುವ ಪರೀಕ್ಷೆ ಹತ್ತೇ ನಿಮಿಷದ್ದು. ಎಲ್ಲರೂ ಪ್ರೋಗ್ರಾಂ ಫೈಲ್‌ನ ಚೆಕ್‌ಸಮ್, ಅಂದರೆ ಫೈಲ್‌ನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ತೆಗೆದು ಕೊನೆಯ ನಾಲ್ಕು ಅಕ್ಷರ ಜೋರಾಗಿ ಓದುತ್ತಾರೆ. ಎಲ್ಲರದ್ದೂ ಒಂದೇ ಆಗಿರಬೇಕು. ಆಮೇಲೆ ಒಬ್ಬರಾದ ಮೇಲೊಬ್ಬರು ಒಂದೇ ರೆಕಾರ್ಡಿಂಗ್ ಫೈಲ್‌ನ ಒಂದು ದೀರ್ಘ ಸ್ವರವನ್ನು ನುಡಿಸುತ್ತಾರೆ. ಪಿಡಿ ಆ ಫೈಲನ್ನು ಯಂತ್ರದ ಸ್ಯಾಂಪಲ್ ದರಕ್ಕೆ ತಾನಾಗಿ ಬದಲಾಯಿಸುವುದಿಲ್ಲ. 48,000ದಲ್ಲಿ ಮಾಡಿದ ರೆಕಾರ್ಡಿಂಗ್ 44,100ಕ್ಕೆ ಇಟ್ಟ ಯಂತ್ರದಲ್ಲಿ ಸುಮಾರು ಒಂದೂವರೆ ಅರ್ಧಸ್ವರದಷ್ಟು ಕೆಳಗೆ ಕೇಳುತ್ತದೆ. ಚೆಕ್‌ಸಮ್ ಸರಿ, ತುಂಡು ಗೆರೆ ಎಲ್ಲೂ ಇಲ್ಲ, ಸಂದೇಶವೂ ಬರುತ್ತಿದೆ, ಆದರೆ ಏಳನೇ ಲ್ಯಾಪ್‌ಟಾಪ್ ಮಾತ್ರ ಅಪಶ್ರುತಿ. ಅದನ್ನು ಹಿಡಿಯಲು ಕಿವಿಯೇ ಸಾಕು.